ಗೋಡೆಯ ನೀರುಕರಡಿ, ಹಳ್ಳದ ನೀರುಕರಡಿ: ಒಂದೇ ಗಾಳಿಗೆ ಒಣಗಿದ ಎರಡು ಗುಂಪುಗಳ ಪ್ರಕರಣ

ಎರಡು ತುಂಡು ಹಾವಸೆ. ಎರಡೂ ಸಕಲೇಶಪುರ ತಾಲ್ಲೂಕಿನ ಒಂದೇ ಕಾಫಿ ತೋಟದವು, ಫೆಬ್ರವರಿಯ ಒಂದೇ ಬೆಳಿಗ್ಗೆ ಎಬ್ಬಿಸಿದವು. ಮೊದಲನೆಯದು ತೋಟದ ಕಲ್ಲುಗೋಡೆಯ ನೆತ್ತಿಯದು. ಮಳೆ ನಿಂತ ಮೇಲೆ ಬಿಸಿಲು ತಿಂದೂ ತಿಂದೂ ಬೆರಳಲ್ಲಿ ಹೊಸಕಿದರೆ ಚಹಾಪುಡಿಯಂತೆ ಉದುರುತ್ತಿತ್ತು. ಎರಡನೆಯದು ಅಲ್ಲಿಂದ ಇನ್ನೂರು ಹೆಜ್ಜೆ ಕೆಳಗೆ, ಬೇಸಗೆಯಲ್ಲೂ ಒಸರು ನಿಲ್ಲದ ಹಳ್ಳದ ಬಂಡೆಯದು. ಹಿಂಡಿದರೆ ನೀರು ಸುರಿಯುತ್ತಿತ್ತು.

ಹಾಸನದ ಪದವಿ ಕಾಲೇಜೊಂದರ ಪ್ರಾಣಿಶಾಸ್ತ್ರ ಪ್ರಯೋಗಾಲಯದಲ್ಲಿ ಎರಡರಿಂದಲೂ ನೀರುಕರಡಿಗಳನ್ನು, ಅಂದರೆ ಒಣಗಿದರೂ ನೀರು ಸಿಕ್ಕರೆ ಮತ್ತೆ ಏಳಬಲ್ಲ ಟಾರ್ಡಿಗ್ರೇಡ್ ಎಂಬ ಸೂಕ್ಷ್ಮ ಪ್ರಾಣಿಗಳನ್ನು, ಆರಿಸಿ ತೆಗೆದು ಮಧ್ಯಾಹ್ನ ಒಟ್ಟಿಗೆ ಫ್ಯಾನಿನ ಕೆಳಗೆ ಒಣಗಿಸಲಾಯಿತು. ಮರುದಿನ ಬೆಳಿಗ್ಗೆ ಎರಡಕ್ಕೂ ನೀರು. ಗೋಡೆಯ ಗುಂಪಿನಲ್ಲಿ ಹೆಚ್ಚಿನವು ಒಂದು ಗಂಟೆಯೊಳಗೆ ಕಾಲು ಚಾಚಿ ನಡೆದವು. ಹಳ್ಳದ ಗುಂಪಿನ ಡಿಶ್ ನೋಡುತ್ತಿದ್ದ ವಿದ್ಯಾರ್ಥಿನಿ ಹೇಳಿದ್ದು ಇಷ್ಟೇ: "ಸಾರ್, ಒಂದೂ ಅಲ್ಲಾಡ್ತಿಲ್ಲ." ಇಪ್ಪತ್ನಾಲ್ಕು ಗಂಟೆ ಕಾದರೂ ಅಲ್ಲಾಡಲಿಲ್ಲ.

ನೀರುಕರಡಿಗೆ ಸಾವೇ ಇಲ್ಲ ಎಂದು ಓದಿ ಬಂದವರಿಗೆ ಇದು ಒಪ್ಪುವಂಥದ್ದಲ್ಲ. ಚೀಟಿ ಅದಲುಬದಲಾಗಿರಬೇಕು, ನೀರಿನಲ್ಲಿ ಕ್ಲೋರಿನ್ ಇದ್ದಿರಬೇಕು ಎಂಬ ಗುಮಾನಿಗಳೇ ಮೊದಲು ಬಂದವು. ಎರಡೂ ಅಲ್ಲ. ಒಣಗಿಸದೆ ನೀರಿನಲ್ಲೇ ಉಳಿಸಿದ್ದ ಎರಡೂ ಕಡೆಯ ತಲಾ ಇಪ್ಪತ್ತು ಪ್ರಾಣಿಗಳು ಆರಾಮವಾಗಿ ಓಡಾಡುತ್ತಿದ್ದವು. ಹೋಲಿಕೆಗೆಂದು ಹೀಗೆ ಒಂದು ಗುಂಪನ್ನು ಪಕ್ಕಕ್ಕೆ ಇಡದಿದ್ದರೆ ವಾರವಿಡೀ ನೀರನ್ನೇ ದೂರುತ್ತ ಕೂರಬೇಕಾಗುತ್ತಿತ್ತು.

ಹುಡುಕಿ ತೆಗೆದ ಬಗೆ

ಒಣ ಹಾವಸೆಯನ್ನು ಕಾಗದದ ಲಕೋಟೆಯಲ್ಲಿ ತರಬೇಕು. ಪ್ಲಾಸ್ಟಿಕ್ ಚೀಲಕ್ಕೆ ಹಾಕಿದರೆ ಒಳಗೇ ಬೆವರಿ ಪ್ರಾಣಿಗಳು ದಾರಿಯಲ್ಲೇ ಅರ್ಧಂಬರ್ಧ ಎಚ್ಚರಗೊಳ್ಳುತ್ತವೆ, ಆಮೇಲೆ ಮತ್ತೆ ಒಣಗುತ್ತವೆ. ಈ ಅನಗತ್ಯ ಸುತ್ತು ಅವು ಮೈಯಲ್ಲಿ ಕೂಡಿಟ್ಟ ಶಕ್ತಿಯ ಸಂಚಯವನ್ನು ತಿನ್ನುತ್ತದೆ. ಹಳ್ಳದ ಹಾವಸೆಗೆ ಇದರ ತದ್ವಿರುದ್ಧ: ಅಲ್ಲಿಯ ನೀರಿನ ಜೊತೆಗೇ ಅಗಲ ಬಾಯಿಯ ಡಬ್ಬಿಯಲ್ಲಿ, ಮೇಲೆ ಗಾಳಿಗೆ ಜಾಗ ಬಿಟ್ಟು ತರಬೇಕು.

ಹತ್ತು ರೂಪಾಯಿ ನಾಣ್ಯದಷ್ಟಗಲದ ತುಂಡನ್ನು ಪೆಟ್ರಿ ಡಿಶ್‌ನಲ್ಲಿ ಎಲೆಯ ಭಾಗ ಕೆಳಗಾಗುವಂತೆ ಕವುಚಿ, ಮಳೆನೀರೋ ಒರತೆಯ ನೀರೋ ಹಾಕಿ ಒಂದು ರಾತ್ರಿ ಬಿಟ್ಟು, ಬೆಳಿಗ್ಗೆ ಅದೇ ಡಿಶ್‌ಗೆ ಮೆಲ್ಲಗೆ ಹಿಂಡಿದರೆ ತಳದ ಗಸಿಯಲ್ಲಿ ಪ್ರಾಣಿಗಳು ಸಿಗುತ್ತವೆ. ಸ್ಟೀರಿಯೊ ಮೈಕ್ರೋಸ್ಕೋಪಿನಲ್ಲಿ 20ರಿಂದ 40 ಪಟ್ಟು ಸಾಕು. ಬೆಳಕು ಕೆಳಗಿನಿಂದ ಬೇಡ. ಡಿಶ್‌ನ ಅಡಿಗೆ ಕಪ್ಪು ಕಾಗದವಿಟ್ಟು ಪಕ್ಕದಿಂದ ಟಾರ್ಚ್ ಹಿಡಿದರೆ ಅರ್ಧ ಮಿಲಿಮೀಟರ್‌ಗೂ ಚಿಕ್ಕದಾದ ಈ ಜೀವಿ ಮುತ್ತಿನಂತೆ ಹೊಳೆಯುತ್ತದೆ. ನಾಲ್ಕು ಜೊತೆ ಮೊಂಡು ಕಾಲು, ತುದಿಯಲ್ಲಿ ಉಗುರು, ಮರಳಿನ ಕಣವನ್ನು ತಬ್ಬಿ ತಬ್ಬಿ ಮುಂದೆ ಹೋಗುವ ನಡಿಗೆ. 1773ರಲ್ಲಿ ಇದನ್ನು ಮೊದಲು ವರ್ಣಿಸಿದ ಜರ್ಮನಿಯ ಪಾದ್ರಿ ಗೋಟ್ಸೆ 'ಪುಟ್ಟ ನೀರುಕರಡಿ' ಎಂದೇ ಕರೆದದ್ದು ಈ ನಡಿಗೆ ನೋಡಿ. ಜೊತೆಗೆ ರೋಟಿಫರ್ ಎಂಬ ಸೂಕ್ಷ್ಮ ಪ್ರಾಣಿಗಳು, ದುಂಡುಹುಳುಗಳೂ ಬರುತ್ತವೆ. ಅವುಗಳಲ್ಲೂ ಒಣಗಿ ಬದುಕುವ ಜಾತಿಗಳಿವೆ, ಹಾಗಾಗಿ ಎಣಿಸುವಾಗ ಕಣ್ಣು ತಪ್ಪಬಾರದು.

ಎತ್ತಲು ತುದಿ ಎಳೆದು ಸಣ್ಣದಾಗಿಸಿದ ಗಾಜಿನ ಪಿಪೆಟ್. ಎತ್ತಿದ ಪ್ರಾಣಿಯನ್ನು ಮೂರು ಬಾರಿ ಶುದ್ಧ ನೀರಿನಲ್ಲಿ ತೊಳೆಯಬೇಕು. ಗಸಿ ಅಂಟಿಕೊಂಡಿದ್ದರೆ ಒಣಗಿಸುವಾಗ ಬೂಷ್ಟು ಬರುತ್ತದೆ. ಪೊರೆ ಬಿಡುತ್ತಿರುವ, ಬಾಯಿಯ ಕೊಳವೆ ಕಾಣದ ಪ್ರಾಣಿಗಳನ್ನು ಬಿಡಬೇಕು.

ಫ್ಯಾನಿನ ಕೆಳಗೆ ನಡೆದದ್ದು

ಮೊದಲ ಪ್ರಯತ್ನದಲ್ಲಿ ತಲಾ ಇಪ್ಪತ್ತು ಪ್ರಾಣಿಗಳನ್ನು ಒಂದು ಸೆಂಟಿಮೀಟರ್ ಚೌಕದ ಫಿಲ್ಟರ್ ಪೇಪರಿನ ಮೇಲೆ ಬಿಟ್ಟು, ಹೆಚ್ಚಿನ ನೀರನ್ನು ಅಂಚಿನಿಂದ ಹೀರಿ ತೆಗೆದು ಫ್ಯಾನ್ ಹಾಕಲಾಗಿತ್ತು. ಸುಮಾರು ಅರ್ಧ ಗಂಟೆಯಲ್ಲಿ ಕಾಗದ ಪೂರ್ತಿ ಒಣಗಿತು. ಬರಿಗಾಜಿನ ಸ್ಲೈಡ್ ಮೇಲೆ ಒಣಗಿಸದೆ ಇದ್ದದ್ದು ಒಳ್ಳೆಯದಾಯಿತು. ಗಾಜಿನ ಮೇಲೆ ಹನಿ ಕುಗ್ಗುವಾಗ ನೀರಿನ ಮೇಲ್ಮೈ ಸೆಳೆತ ಪ್ರಾಣಿಯನ್ನು ಗಾಜಿಗೆ ಚಪ್ಪಟೆಯಾಗಿ ಅಂಟಿಸಿಬಿಡುತ್ತದೆ. ಆಗ ಒಣ ಜಾಗದ ಜಾತಿಗಳೂ ಸಾಯುತ್ತವೆ, ಎರಡು ಗುಂಪಿನ ವ್ಯತ್ಯಾಸ ಕಾಣುವುದೇ ಇಲ್ಲ.

ಸುಳಿವು ಸಿಕ್ಕಿದ್ದು ನೀರು ಹಾಕುವ ಮೊದಲೇ, ಒಣ ಕಾಗದವನ್ನು 40 ಪಟ್ಟಿನಲ್ಲಿ ನೋಡಿದಾಗ. ಗೋಡೆಯ ಪ್ರಾಣಿಗಳು ಕಾಲುಗಳನ್ನೆಲ್ಲ ಒಳಗೆಳೆದುಕೊಂಡು, ಉದ್ದವನ್ನು ಕುಗ್ಗಿಸಿ, ಮಡಿಕೆ ಮಡಿಕೆಯಾದ ಪುಟ್ಟ ಪೀಪಾಯಿಗಳಾಗಿದ್ದವು. ಹಳ್ಳದವು ಕಾಲು ಹೊರಗೆ ಚೆಲ್ಲಿಕೊಂಡು, ಮೈ ಹಪ್ಪಳದಂತೆ ಚಪ್ಪಟೆಯಾಗಿ, ಒಂದು ಪಕ್ಕ ಸುಕ್ಕುಗಟ್ಟಿದ್ದವು. ಪೀಪಾಯಿ ಆಗುವುದು ಸ್ನಾಯುಗಳ ಕೆಲಸ. ಅದಕ್ಕೆ ಶಕ್ತಿಯೂ ಬೇಕು, ಸಮಯವೂ ಬೇಕು. ಹೊರಮೈ ಕಡಿಮೆಯಾದಷ್ಟೂ ಉಳಿದ ನೀರು ಹೋಗುವ ವೇಗ ತಗ್ಗುತ್ತದೆ. ಹಳ್ಳದ ಪ್ರಾಣಿಗಳಿಗೆ ಅಷ್ಟು ಹೊತ್ತೂ ಸಿಗಲಿಲ್ಲ.

ಆಕಾರವೇ ಪೂರ್ತಿ ಉತ್ತರವಲ್ಲ. ಚೆಂದದ ಪೀಪಾಯಿಯಾಗಿಯೂ ಮತ್ತೆ ಏಳದ ಪ್ರಾಣಿಗಳು ಪ್ರತಿ ಬಾರಿಯೂ ಸಿಗುತ್ತವೆ. ಮುಖ್ಯವಾದದ್ದು ಜೀವಕೋಶದ ಒಳಗೆ ನಡೆಯುತ್ತದೆ.

ನೀರು ಹೋದಾಗ ಕೋಶದಲ್ಲಿ ಕೆಡುವುದೇನು

ಕಾಫಿ ಕಣದಲ್ಲಿ ಪಾರ್ಚ್‌ಮೆಂಟ್, ಅಂದರೆ ಹಣ್ಣಿನ ಸಿಪ್ಪೆ ಸುಲಿದು ತೊಳೆದ ಬೀಜ, ಒಣಗಿಸುವವರು ತೇವ ಶೇ 10ಕ್ಕೆ ಬಂತೆಂದರೆ ಚೀಲ ತುಂಬುತ್ತಾರೆ. ಪೀಪಾಯಿಯಾದ ನೀರುಕರಡಿಯಲ್ಲಿ ಉಳಿಯುವ ನೀರು ಶೇ 3ರ ಆಸುಪಾಸು. ಅಷ್ಟು ಒಣಗುವ ಮೊದಲೇ ಸಾಮಾನ್ಯ ಪ್ರಾಣಿಕೋಶ ಹಲವು ಕಡೆ ಮುರಿದಿರುತ್ತದೆ. ನೀರು ಕಡಿಮೆಯಾದಂತೆ ಪ್ರೋಟೀನ್‌ಗಳು ಒಂದಕ್ಕೊಂದು ಒತ್ತಿಕೊಳ್ಳುತ್ತವೆ, ಮಡಿಕೆ ಬಿಚ್ಚಿ ಗಂಟುಗಂಟಾಗುತ್ತವೆ. ಒಡೆದ ಹಾಲಿನಂತೆ ಆಮೇಲೆ ನೀರು ಸುರಿದರೂ ಅವು ಮೊದಲಿನಂತಾಗುವುದಿಲ್ಲ. ಕೋಶಪೊರೆಯ ಕೊಬ್ಬಿನ ಅಣುಗಳು ಹತ್ತಿರ ಸರಿದು ಗಟ್ಟಿಯಾಗುತ್ತವೆ. ಮತ್ತೆ ನೆನೆಯುವ ಕ್ಷಣದಲ್ಲಿ ಆ ಪೊರೆ ಸೋರುತ್ತದೆ. ಹೆಚ್ಚಿನ ಸಾವು ನಡೆಯುವುದು ಈ ಮರುನೆನೆತದ ಹೊತ್ತಿನಲ್ಲೇ. ಡಿಎನ್‌ಎ ಎಳೆಗಳೂ ಅಲ್ಲಲ್ಲಿ ಕಡಿಯುತ್ತವೆ.

ಬಹುಕಾಲ ಇದಕ್ಕೆಲ್ಲ ಒಂದೇ ಉತ್ತರ ಸಾಕೆಂದುಕೊಂಡಿದ್ದರು: ಟ್ರಿಹಾಲೋಸ್ ಎಂಬ ಸಕ್ಕರೆ. ಆಫ್ರಿಕಾದ ಬಂಡೆಗುಳಿಗಳಲ್ಲಿ ಬೆಳೆಯುವ ಪಾಲಿಪೆಡಿಲಮ್ ನೊಣದ ಮರಿಹುಳು ಒಣಗುವಾಗ ತನ್ನ ಒಣತೂಕದ ಐದನೇ ಒಂದು ಪಾಲಿನಷ್ಟು ಟ್ರಿಹಾಲೋಸ್ ಮಾಡಿಕೊಳ್ಳುತ್ತದೆ. ನೀರಿನ ಅಣು ಹಿಡಿದುಕೊಂಡಿದ್ದ ಜಾಗವನ್ನು ಸಕ್ಕರೆ ಹಿಡಿದುಕೊಳ್ಳುತ್ತದೆ. ಆದರೆ ಅಳೆದು ನೋಡಿದಾಗ ನೀರುಕರಡಿಗಳಲ್ಲಿ ಟ್ರಿಹಾಲೋಸ್ ತೀರ ಕಡಿಮೆ. ಕೆಲವು ಜಾತಿಗಳಲ್ಲಿ ಇಲ್ಲವೇ ಇಲ್ಲ. ಡೆಲಾಯ್ಡ್ ರೋಟಿಫರ್‌ಗಳದ್ದೂ ಅದೇ ಕಥೆ. ಹಾಗಿದ್ದರೆ ಕಾಯುತ್ತಿರುವುದು ಯಾವುದು?

ಒಂದು ಸುಳಿವು ಗಿಡಗಳಿಂದ ಬಂತು. ಹತ್ತಿಬೀಜ ಬಲಿಯುವ ಕೊನೆಯ ಹಂತದಲ್ಲಿ ತುಂಬಿಕೊಳ್ಳುವ ಎಲ್‌ಇಎ ಪ್ರೋಟೀನ್‌ಗಳನ್ನು 1981ರಲ್ಲೇ ಗುರುತಿಸಿದ್ದರು. 2002ರಲ್ಲಿ ಅದೇ ಗುಂಪಿನ ಪ್ರೋಟೀನ್ ಅಫೆಲೆಂಕಸ್ ಎಂಬ ದುಂಡುಹುಳುವಿನಲ್ಲಿ, ಅದು ಒಣಗುವಾಗ, ಕಾಣಿಸಿತು. 2012ರಲ್ಲಿ ಟೋಕಿಯೋದ ಸಂಶೋಧಕರು ಸರಳವಾದ ಜಾಣ ಪರೀಕ್ಷೆಯೊಂದನ್ನು ಮಾಡಿದರು. ನೀರುಕರಡಿಗಳನ್ನು ಅರೆದು ಆ ಸಾರವನ್ನು ಕುದಿತದ ಸಮೀಪದವರೆಗೆ ಬಿಸಿ ಮಾಡಿದರು. ಮೊಟ್ಟೆಯ ಬಿಳಿಯಂತೆ ಹೆಚ್ಚಿನ ಪ್ರೋಟೀನ್‌ಗಳು ಗಟ್ಟಿಯಾಗಿ ತಳ ಸೇರಿದವು. ಕೆಲವು ಮಾತ್ರ ಕರಗಿಯೇ ಉಳಿದವು, ಅದೂ ಧಾರಾಳವಾಗಿ. ಕಾರಣ ಅರ್ಥವಾದರೆ ಉಳಿದದ್ದೆಲ್ಲ ಅರ್ಥವಾಗುತ್ತದೆ: ಈ ಪ್ರೋಟೀನ್‌ಗಳಿಗೆ ಮೊದಲಿಗೇ ನಿಶ್ಚಿತ ಮಡಿಕೆಯಿಲ್ಲ, ನೀರಿನಲ್ಲಿ ಸಡಿಲ ದಾರದಂತೆ ತೇಲುತ್ತವೆ. ಬಿಚ್ಚಿಕೊಳ್ಳಲು ಮಡಿಕೆಯೇ ಇಲ್ಲದ್ದು ಬಿಸಿಗೆ ಕೆಡುವುದಾದರೂ ಹೇಗೆ? ಕೋಶರಸದಲ್ಲಿ ಇರುವವಕ್ಕೆ ಸಿಎಎಚ್‌ಎಸ್, ಕೋಶದಿಂದ ಹೊರಗೆ ಸುರಿಯುವವಕ್ಕೆ ಎಸ್‌ಎಎಚ್‌ಎಸ್ ಎಂದು ಹೆಸರಾಯಿತು. ಕೋಶದ ಶಕ್ತಿಕೇಂದ್ರವಾದ ಮೈಟೊಕಾಂಡ್ರಿಯದಲ್ಲಿ ಇರುವಂಥದ್ದು 2015ರಲ್ಲಿ ಸಿಕ್ಕಿತು.

ಅವು ಕಾಯುತ್ತವೆಂದು ಗೊತ್ತಾಗಿದ್ದು ಎರಡು ರೀತಿಯಲ್ಲಿ. ಲ್ಯಾಕ್ಟೇಟ್ ಡಿಹೈಡ್ರೋಜಿನೇಸ್ ಎಂಬ ಕಿಣ್ವ ಒಂಟಿಯಾಗಿ ಒಣಗಿದರೆ ಕೆಟ್ಟುಹೋಗುತ್ತದೆ. ಸಿಎಎಚ್‌ಎಸ್ ಬೆರೆಸಿ ಒಣಗಿಸಿ ನೀರು ಹಾಕಿದರೆ ಕೆಲಸ ಉಳಿದಿರುತ್ತದೆ.  ಇನ್ನೊಂದು, 2017ರಲ್ಲಿ ಸಂಶೋಧಕ ಬೂತ್‌ಬಿ ಮತ್ತು ಸಂಗಡಿಗರು ಹಿಪ್ಸಿಬಿಯಸ್ ಎಂಬ ನೀರುಕರಡಿಯಲ್ಲಿ ಈ ಪ್ರೋಟೀನ್‌ಗಳ ವಂಶವಾಹಿಗಳು ಕೆಲಸ ಮಾಡದಂತೆ ತಡೆದಾಗ ಒಣಗಿ ಬದುಕುವವುಗಳ ಸಂಖ್ಯೆ ಇಳಿಯಿತು. ಅದೇ ವಂಶವಾಹಿಯನ್ನು ಯೀಸ್ಟ್ ಮತ್ತು ಬ್ಯಾಕ್ಟೀರಿಯಕ್ಕೆ ಸೇರಿಸಿದಾಗ ಅವುಗಳ ಒಣಗುವ ತಾಳಿಕೆ ಏರಿತು.

ಕಾಯುವ ಬಗೆಯ ಬಗ್ಗೆ ಜಗಳ ಇನ್ನೂ ಮುಗಿದಿಲ್ಲ. ಒಣಗುತ್ತ ಇವು ಗಾಜಿನಂತಾಗಿ ಒಳಗಿರುವುದನ್ನೆಲ್ಲ ಹಿಡಿದಿಡುತ್ತವೆ ಎಂಬುದು 2017ರ ವಿವರಣೆ. ಆ ಪುರಾವೆ ಸಾಲದೆಂದು 2021ರಲ್ಲಿ ಜಪಾನಿನ ಸಂಶೋಧಕರು ಪ್ರಶ್ನಿಸಿದರು. ಅದರ ಹಿಂದೆಯೇ ಬಂದ ಕೆಲಸಗಳಲ್ಲಿ ಕಂಡದ್ದು ಬೇರೆ: ನೀರು ಕಡಿಮೆಯಾಗಿ ಸಾಂದ್ರತೆ ಏರಿದಾಗ ಸಿಎಎಚ್‌ಎಸ್ ದಾರಗಳು ಒಂದಕ್ಕೊಂದು ಹೆಣೆದು ನಾರಾಗಿ, ನಾರು ಬಲೆಯಾಗಿ, ಕೋಶರಸ ಜೆಲ್ ಆಗುತ್ತದೆ. ನೀರು ಬಂದರೆ ಬಲೆ ಬಿಚ್ಚಿಕೊಳ್ಳುತ್ತದೆ. ಪ್ರಯೋಗಾಲಯದ ಅಗರ್ ಬಿಸಿಗೆ ಕರಗಿ ತಣ್ಣಗಾದರೆ ಹೆಪ್ಪುಗಟ್ಟುವುದಿಲ್ಲವೇ, ಅದರಂತೆ. ಇಲ್ಲಿ ಬಿಸಿಯ ಜೊತೆಗೆ ನೀರಿನ ಪ್ರಮಾಣವೂ ಗುಂಡಿ ಒತ್ತುತ್ತದೆ. ಜೆಲ್‌ನ ಕಣ್ಣುಗಳಲ್ಲಿ ಸಿಕ್ಕಿಕೊಂಡ ಕಿಣ್ವಗಳು ಪರಸ್ಪರ ತಾಗಿ ಗಂಟಾಗುವುದಿಲ್ಲ, ಕುಗ್ಗುವ ಕೋಶಕ್ಕೆ ಒಳಗಿನಿಂದ ಆಧಾರವೂ ಸಿಗುತ್ತದೆ. ಹಪ್ಪಳವಾಗಿದ್ದ ಹಳ್ಳದ ಪ್ರಾಣಿಗಳನ್ನು ನೋಡಿದ ಕಣ್ಣಿಗೆ ಈ ಆಧಾರದ ಮಾತು ಹೆಚ್ಚು ತೂಕದ್ದೆನಿಸುತ್ತದೆ. ಸಕ್ಕರೆ ಪೂರ್ತಿ ಕೈಬಿಡಬೇಕಾದದ್ದೂ ಅಲ್ಲ. ಅಲ್ಪ ಟ್ರಿಹಾಲೋಸ್ ಜೊತೆಗಿದ್ದರೆ ಸಿಎಎಚ್‌ಎಸ್ ಇನ್ನೂ ಚೆನ್ನಾಗಿ ಕಾಯುತ್ತದೆಂದು 2022ರಲ್ಲಿ ತೋರಿಸಲಾಗಿದೆ.

ಎರಡನೇ ಪ್ರಯತ್ನ ಕೆಟ್ಟದ್ದು

ಹಳ್ಳದ ಪ್ರಾಣಿಗಳಿಗೆ ಬೇಕಾದದ್ದು ಸಮಯ ಎಂದಾದರೆ ನಿಧಾನವಾಗಿ ಒಣಗಿಸಿ ನೋಡಬೇಕು. ಗಾಳಿಯ ತೇವವನ್ನು ಹಿಡಿತದಲ್ಲಿಡಲು ಅಗ್ಗದ, ನಂಬಿಕಸ್ಥ ದಾರಿ ಉಪ್ಪಿನ ಪರ್ಯಾಪ್ತ ದ್ರಾವಣ. ಮುಚ್ಚಿದ ಡಬ್ಬಿಯಲ್ಲಿ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪೊಟ್ಯಾಸಿಯಂ ಸಲ್ಫೇಟ್ ಸಾಪೇಕ್ಷ ಆರ್ದ್ರತೆಯನ್ನು ಶೇ 97ಕ್ಕೆ, ಅಡುಗೆ ಉಪ್ಪು ಶೇ 75ಕ್ಕೆ, ಮೆಗ್ನೀಸಿಯಂ ಕ್ಲೋರೈಡ್ ಶೇ 33ಕ್ಕೆ ನಿಲ್ಲಿಸುತ್ತದೆ. 100 ಮಿಲಿಲೀಟರ್ ನೀರಿಗೆ ಪೊಟ್ಯಾಸಿಯಂ ಸಲ್ಫೇಟ್ 20 ಗ್ರಾಂ, ಅಡುಗೆ ಉಪ್ಪಾದರೆ 45 ಗ್ರಾಂ. ತಳದಲ್ಲಿ ಕರಗದ ಉಪ್ಪು ಕಾಣುತ್ತಿರಲೇಬೇಕು, ಇಲ್ಲವಾದರೆ ದ್ರಾವಣ ಪರ್ಯಾಪ್ತವಲ್ಲ, ಅಂಕಿ ನಿಲ್ಲುವುದಿಲ್ಲ. ಮೆಗ್ನೀಸಿಯಂ ಕ್ಲೋರೈಡಿಗೆ ನೀರು ಕೆಲವೇ ಹನಿ. ಒದ್ದೆ ಮರಳಿನ ಹದ ಬಂದರೆ ಸಾಕು. ಆನ್‌ಲೈನಿನಲ್ಲಿ ಸಿಗುವ ಅಗ್ಗದ ಆರ್ದ್ರತಾಮಾಪಕಗಳನ್ನು ಶೇ 90ರ ಮೇಲೆ ನಂಬುವಂತಿಲ್ಲ, ಉಪ್ಪನ್ನು ನಂಬಬಹುದು.

ಒಂದು ಲೀಟರಿನ ಗಾಳಿ ಆಡದ ಡಬ್ಬಿ, ತಳದಲ್ಲಿ ಉಪ್ಪಿನ ದ್ರಾವಣ, ಬಾಟಲಿ ಮುಚ್ಚಳದ ಪೀಠ, ಅದರ ಮೇಲೆ ಪ್ರಾಣಿಗಳಿರುವ ಫಿಲ್ಟರ್ ಪೇಪರ್. ಸಂಜೆ ಶೇ 97ರ ಡಬ್ಬಿಯನ್ನು ಕಿಟಕಿ ಪಕ್ಕದ ಮೇಜಿನ ಮೇಲೆ ಇಟ್ಟು ಹೋದರು. ಬೆಳಿಗ್ಗೆ ನೋಡಿದರೆ ಮುಚ್ಚಳದ ಒಳಗೆಲ್ಲ ಹನಿ, ಕಾಗದ ತೊಪ್ಪೆ. ಪ್ರಾಣಿಗಳು ಪೀಪಾಯಿಯಾಗುವ ಬದಲು ಊದಿ, ಬಿಗಿದು, ಕಾಲು ಚಾಚಿ ಮಲಗಿದ್ದವು. ಶೇ 97ರಲ್ಲಿ ಉಷ್ಣತೆ ಅರ್ಧ ಡಿಗ್ರಿ ಇಳಿದರೂ ಇಬ್ಬನಿ ಕೂರುತ್ತದೆ. ಫೆಬ್ರವರಿಯ ಹಾಸನದಲ್ಲಿ ಹಗಲು ಬಿಸಿಲು, ಬೆಳಗಿನ ಜಾವ ಚಳಿ. ಕಿಟಕಿ ಪಕ್ಕದಲ್ಲಿ ಅರ್ಧ ಡಿಗ್ರಿ ಯಾವ ಲೆಕ್ಕ?

ಊದಿದ ಪ್ರಾಣಿಗಳನ್ನು ಸತ್ತವೆಂದು ಚೆಲ್ಲುವುದರಲ್ಲಿದ್ದರು. ಅದು ಸಾವಲ್ಲ, ಆಮ್ಲಜನಕ ಸಾಲದೆ ಬರುವ ಸ್ಥಿತಿ. ನಿಂತ ತೆಳು ನೀರಿನಲ್ಲಿ ಕೊಳೆಯುವ ಗಸಿಯ ಜೊತೆ ಸಿಕ್ಕಿಕೊಂಡರೆ ನೀರುಕರಡಿ ಹೀಗೆ ಬಿಗಿಯುತ್ತದೆ. ಗಾಳಿಯಾಡಿದ ಹೊಸ ನೀರಿಗೆ ಹಾಕಿದಾಗ ಸಾಕಷ್ಟು ಪ್ರಾಣಿಗಳು ಚೇತರಿಸಿಕೊಂಡವು. ಆದರೆ ಒಣಗಿಸುವ ಪ್ರಯೋಗಕ್ಕೆ ಅವನ್ನು ಮತ್ತೆ ಬಳಸಬಾರದು, ಬಳಸಲೂ ಇಲ್ಲ.

ಮೂರನೆಯದು

ಈ ಬಾರಿ ಡಬ್ಬಿಗಳನ್ನು ದಪ್ಪ ಥರ್ಮಾಕೋಲ್ ಪೆಟ್ಟಿಗೆಯೊಳಗೆ, ನಾಲ್ಕು ನೀರಿನ ಬಾಟಲಿಗಳ ನಡುವೆ, ಕೋಣೆಯ ಒಳಗೋಡೆಗೆ ತಾಗಿಸಿ ಇಡಲಾಯಿತು. ಅಷ್ಟು ನೀರಿನ ಭಾರಕ್ಕೆ ಉಷ್ಣತೆ ರಾತ್ರಿಯಿಡೀ ಅಲುಗಲಿಲ್ಲ. ಡಬ್ಬಿ, ಉಪ್ಪು, ಕಾಗದಗಳನ್ನೂ ಪ್ರಾಣಿ ಇಡುವ ನಾಲ್ಕು ಗಂಟೆ ಮೊದಲೇ ಒಳಗಿಟ್ಟು ಒಂದೇ ಉಷ್ಣತೆಗೆ ತರಲಾಗಿತ್ತು.

ಹಳ್ಳದ ಪ್ರಾಣಿಗಳನ್ನು ಎರಡು ಪಾಲು ಮಾಡಿದರು. ಒಂದು ಪಾಲು ಶೇ 97ರಲ್ಲಿ 24 ಗಂಟೆ, ಶೇ 75ರಲ್ಲಿ 24 ಗಂಟೆ, ಕೊನೆಗೆ ಶೇ 33ರಲ್ಲಿ 24 ಗಂಟೆ. ಇನ್ನೊಂದು ಪಾಲು ಶೇ 97ರಲ್ಲಿ ಒಂದೇ ಗಂಟೆ ಇದ್ದು ನೇರ ಶೇ 33ಕ್ಕೆ. ಮರುನೆನೆತಕ್ಕೂ ಅವಸರ ಮಾಡಲಿಲ್ಲ. ಮೊದಲು ಮೂರು ಗಂಟೆ ಶೇ 97ರ ಡಬ್ಬಿ, ಆಮೇಲೆ ಕಾಗದದ ಅಂಚಿನಿಂದ ಹನಿಹನಿಯಾಗಿ ನೀರು. ಬದುಕಿದೆ ಎನ್ನಲು ಒಂದೇ ಗುರುತು: ಕಾಲುಗಳ ಹೊಂದಿಕೆಯ ಚಲನೆ. ಮೈ ಉಬ್ಬಿ ಆಕಾರ ಮರಳಿದರೆ ಸಾಲದು. ಸತ್ತ ಪ್ರಾಣಿಯೂ ನೀರು ಕುಡಿದ ಅವಲಕ್ಕಿಯಂತೆ ಉಬ್ಬುತ್ತದೆ. ಎಣಿಕೆ ಒಂದು ಗಂಟೆಗೆ ಒಮ್ಮೆ, 24 ಗಂಟೆಗೆ ಒಮ್ಮೆ.

ನಿಧಾನದ ಪಾಲಿನಲ್ಲಿ ಅರ್ಧಕ್ಕಿಂತ ಹೆಚ್ಚು ಎದ್ದು ನಡೆದವು, ಅದೇ ಹಳ್ಳದ, ಅದೇ ಹಾವಸೆಯ ಪ್ರಾಣಿಗಳು. ಅವಸರದ ಪಾಲಿನಲ್ಲಿ ಎರಡು ಕಾಲಾಡಿಸಿದವು, ಮರುದಿನಕ್ಕೆ ಅವೂ ನಿಂತವು.

ಇದರಿಂದ ಹಳ್ಳದ ಪ್ರಾಣಿ ಆ 24 ಗಂಟೆಯಲ್ಲಿ ಪ್ರೋಟೀನ್ ಮಾಡಿಕೊಂಡಿತೆಂದು ಸಾಬೀತಾಯಿತೇ? ಇಲ್ಲ. ಪೀಪಾಯಿಯಾಗಲು ಬಿಡುವು ಸಿಕ್ಕಿದ್ದೇ ಕಾರಣವಿದ್ದರೂ ಫಲಿತಾಂಶ ಹೀಗೇ ಕಾಣುತ್ತಿತ್ತು. ಇವೆರಡನ್ನು ಬಿಡಿಸಿ ತೋರಿಸಿದ ಕೆಲಸ ಜಪಾನಿನದು. 1987ರಲ್ಲಿ ಇಂಗ್ಲೆಂಡಿನ ಬೋಲ್ಟನ್ ಬಳಿಯ ಕೊಳದಿಂದ ತಂದು ಸಾಕಿದ ಹಿಪ್ಸಿಬಿಯಸ್ ಕೂಡ ಹಳ್ಳದ ಪ್ರಾಣಿಯಂತೆಯೇ: ಥಟ್ಟನೆ ಒಣಗಿಸಿದರೆ ಸಾಯುತ್ತದೆ, ಹೆಚ್ಚು ತೇವದ ಗಾಳಿಯಲ್ಲಿ ಒಂದು ದಿನ ಸಿದ್ಧವಾದರೆ ಬದುಕುತ್ತದೆ. 2015ರಲ್ಲಿ ಅದಕ್ಕೆ ಹೊಸ ಆರ್‌ಎನ್‌ಎ, ಹೊಸ ಪ್ರೋಟೀನ್ ತಯಾರಿಕೆಯನ್ನು ತಡೆಯುವ ಔಷಧ ಕೊಟ್ಟು ಅಷ್ಟೇ ನಿಧಾನವಾಗಿ ಒಣಗಿಸಿದರು. ಬದುಕುವ ಪ್ರಮಾಣ ಕುಸಿಯಿತು. ಬಿಡುವು ಸಿಕ್ಕಿತ್ತು, ಪ್ರೋಟೀನ್ ಸಿಕ್ಕಿರಲಿಲ್ಲ. ಜಪಾನಿನ ಸಪ್ಪೋರೊದ ಸೇತುವೆಯೊಂದರ ಒಣ ಹಾವಸೆಯಿಂದ ಬಂದ ರಮಾಝೋಟಿಯಸ್ ಇದಕ್ಕೆ ವಿರುದ್ಧ. ಅದರ ಕೋಶಗಳಲ್ಲಿ ಸಿಎಎಚ್‌ಎಸ್ ಸದಾ ತುಂಬಿರುತ್ತದೆ, ಹಾಗಾಗಿ ದಿಢೀರ್ ಒಣಗಿಸಿದರೂ ತಾಳುತ್ತದೆ. ದಿನಾ ಬೆಳಿಗ್ಗೆ ಇಬ್ಬನಿಗೆ ನೆನೆದು ಹತ್ತು ಗಂಟೆಯ ಬಿಸಿಲಿಗೆ ಒಣಗುವ ತೋಟದ ಗೋಡೆಯಲ್ಲಿ ಬಾಳುವ ಜೀವಕ್ಕೆ ಹಾಗೆ ಮುಂಚಿತವಾಗಿ ಕೂಡಿಡದೆ ದಾರಿಯಿಲ್ಲ.

ಪ್ರೋಟೀನ್ ಇದ್ದ ಮಾತ್ರಕ್ಕೆ ಬದುಕು ಖಾತ್ರಿ ಎಂದುಕೊಳ್ಳುವವರಿಗೆ ಅದೇ ತೋಟದಲ್ಲಿ ಎದುರು ಉದಾಹರಣೆಯಿದೆ. ರಾಗಿ ಬೀಜವನ್ನು ಚೆನ್ನಾಗಿ ಒಣಗಿಸಿ ವರ್ಷಗಟ್ಟಲೆ ಇಟ್ಟು ಬಿತ್ತಬಹುದು. ಅರೇಬಿಕಾ ಕಾಫಿ ಬೀಜ ಅಷ್ಟು ಒಣಗಿದರೆ ಮೊಳಕೆಯ ಶಕ್ತಿ ಕಳೆದುಕೊಳ್ಳುತ್ತದೆ. ಒಣಗಿದರೂ ಬಾಳುವ, ಒಣಗಿದರೆ ಸಾಯುವ ಬೀಜಗಳ ಮಧ್ಯೆ 1990ರಲ್ಲಿ 'ನಡುವಣ' ಎಂಬ ಹೊಸ ವರ್ಗ ಮಾಡಿದ್ದೇ ಕಾಫಿಯನ್ನು ನೋಡಿ. ಆ ಕಾಫಿ ಬೀಜದಲ್ಲೂ ಎಲ್‌ಇಎ ಗುಂಪಿನ ಪ್ರೋಟೀನ್‌ಗಳಿವೆ. ಎಷ್ಟು ಇದೆ, ಯಾವಾಗ ಬಂತು, ಜೊತೆಗೆ ಇನ್ನೇನಿದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಎಲ್ಲ ನೀರುಕರಡಿಗಳಲ್ಲೂ ಸಿಎಎಚ್‌ಎಸ್ ಇಲ್ಲ ಎಂಬುದನ್ನೂ ಮರೆಯಬಾರದು. ಬೆನ್ನ ಮೇಲೆ ಫಲಕಗಳಿರುವ ಎಕಿನಿಸ್ಕಸ್‌ನಲ್ಲಿ ಅದರ ಕೆಲಸಕ್ಕೆ ಬೇರೆಯೇ ಕುಟುಂಬದ, ಬಿಸಿಗೆ ಕೆಡದ ಪ್ರೋಟೀನ್‌ಗಳು 2021ರಲ್ಲಿ ಸಿಕ್ಕಿವೆ. ಕೆಂಪು ಛಾಯೆಯ, ಫಲಕವಿರುವ ಪ್ರಾಣಿ ಡಿಶ್‌ನಲ್ಲಿ ಕಂಡರೆ ಅದನ್ನು ಬೇರೆ ಎಣಿಸಬೇಕು.

ಗೋಡೆಯ ಗುಂಪಿನಲ್ಲಿ ಏಳದೆ ಉಳಿದವುಗಳ ಬಗ್ಗೆ ಒಂದು ವಿಷಯ ಬಾಕಿಯಿದೆ. ನೀರಿನಲ್ಲಿ ನೋಡಿದಾಗ ಅವುಗಳ ಮೈಕುಹರದಲ್ಲಿ ತೇಲುವ ಸಂಚಯ ಕೋಶಗಳು ಕಿರಿದಾಗಿ, ಮೈ ಬಹುತೇಕ ಪಾರದರ್ಶಕವಾಗಿತ್ತು. ಪ್ರತಿ ಸಲ ಒಣಗಿ ನೆನೆಯುವುದಕ್ಕೂ ಶಕ್ತಿ ಖರ್ಚಾಗುತ್ತದೆ, ನಡುವೆ ಮೇಯಲು ಹೊತ್ತು ಸಿಗದಿದ್ದರೆ ಸಂಚಯ ಬರಿದಾಗುತ್ತದೆ. ಆ ಗೋಡೆಯ ಪಕ್ಕದ ರೊಬಸ್ಟಾ ಪಟ್ಟಿಗೆ ಹೂವಿಗಾಗಿ ಆಗಲೇ ಸ್ಪ್ರಿಂಕ್ಲರ್ ಹಾಕಿದ್ದರು, ಜೆಟ್ಟಿನ ತುಂತುರು ಗೋಡೆಯ ಒಂದು ಮೂಲೆಯನ್ನು ಮುಟ್ಟುತ್ತಿತ್ತು. ಹಾವಸೆ ಎಬ್ಬಿಸಿದ್ದು ಆ ಮೂಲೆಯಿಂದಲೇ. ಮುಂದಿನ ಮಾದರಿಯನ್ನು ತುಂತುರು ತಾಗದ ಹತ್ತು ಮೀಟರ್ ಆಚೆಯಿಂದ, ಕಾಫಿ ಹೂ ಅರಳಿಸುವ ಹೂಮಳೆ ಬೀಳುವ ಮೊದಲು, ಕಾಗದದ ಲಕೋಟೆಯಲ್ಲಿ ತರಬೇಕು. ಲಕೋಟೆಯ ಮೇಲೆ ದಿನಾಂಕದ ಜೊತೆಗೆ ಕೊನೆಯ ಸಲ ನೀರು ತಾಗಿದ್ದು ಯಾವಾಗ ಎಂಬುದನ್ನೂ ತೋಟದವರನ್ನು ಕೇಳಿ ಬರೆಯಬೇಕು.